ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ: ಘಾಟಿ ಹತ್ತುವಾಗ ಕೈಕೊಡೋ ಫ್ಯೂಯೆಲ್ ಪಂಪು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಹಳೇ ಗಾಡಿ ಫ್ಯೂಯೆಲ್ ಪಂಪಿಂದೇ, ಅಂದ್ರೆ ಟ್ಯಾಂಕಿಂದ ಎಂಜಿನ್ನಿಗೆ ಪೆಟ್ರೋಲ್, ಡೀಸೆಲ್ ಕಳಿಸೋ ಪಂಪಿಂದೇ ಇದಾವೆ, ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇದೊಂದನ್ನೇ ಪೂರ್ತಿ ನೋಡೋಣ. ಹಾಸನ, ಚಿಕ್ಕಮಗಳೂರು ಜಿಲ್ಲೆಲಿ ಹದಿನೈದು ಇಪ್ಪತ್ತು ವರ್ಷದ ಕಾರು, ಜೀಪು ಇನ್ನೂ ದಿನಾ ಓಡ್ತಾ ಇರೋ ಮನೆ ತುಂಬಾ ಇದಾವೆ, ಓಡ್ಲೂ ಬೇಕು, ಆದ್ರೆ ಏರು, ತಿರುವು, ಮಳೆ ಮೂರೂ ಇರೋ ಜಾಗದಲ್ಲಿ ಪಂಪು ಬೇಗ ಸುಸ್ತಾಗುತ್ತೆ, ಅದಕ್ಕಿಂತ ಬೇಸರ ಏನಂದ್ರೆ ಪಂಪು ಸರಿ ಇದ್ದಾಗ್ಲೂ ಅದನ್ನೇ ಬಿಚ್ಚಿ ಬಿಸಾಕಿ ಹೊಸದು ಹಾಕಿ ಬಿಲ್ ಬರೆಯೋದು ನಡೀತಾನೇ ಇದೆ.

ಸಕಲೇಶಪುರದಿಂದ ಒಬ್ಬ ಓದುಗರು: ಸಾರ್, ನಮ್ದು 2004ರ ಮಾರುತಿ ಝೆನ್, ಪೆಟ್ರೋಲು, ಎಂಪಿಎಫ್‌ಐ (ಕಾರ್ಬೊರೇಟರ್ ಇಲ್ಲದೆ ಇಂಜೆಕ್ಟರಿಂದ ಪೆಟ್ರೋಲ್ ಚಿಮ್ಮಿಸೋ ಥರದ್ದು). ಅಪ್ಪ ತಗೊಂಡ ಗಾಡಿ ಅಂತ ಆರ್‌ಸಿ ರಿನ್ಯೂವಲ್ ಮಾಡಿಸಿ ಇಟ್ಕೊಂಡಿದೀವಿ. ಹಾಸನಕ್ಕೆ ಹೋಗಿ ಬರೋದಕ್ಕೆ ಏನೂ ತೊಂದ್ರೆ ಇಲ್ಲ. ಮಂಗಳೂರಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿದ್ರೆ ಪಿಕಪ್ ಬಿದ್ದೋಗುತ್ತೆ, ಜರ್ಕ್ ಹೊಡೆಯುತ್ತೆ, ಆಮೇಲೆ ಆಫ್. ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ. ಪ್ಲಗ್ ಹೊಸದು, ಏರ್ ಫಿಲ್ಟರ್ ಹೊಸದು. ಮೆಕ್ಯಾನಿಕ್ ಪಂಪ್ ಹೋಗಿದೆ ಅಂತಾರೆ, ಇನ್ನೊಬ್ರು ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲ್ ಅಂತಾರೆ. ಯಾರನ್ನ ನಂಬೋದು?

ಉತ್ತರ: ಇಬ್ಬರನ್ನೂ ಈಗ್ಲೇ ನಂಬಬೇಡಿ, ಯಾಕಂದ್ರೆ ನೀವು ಬರೆದಿರೋದ್ರಲ್ಲಿ ಇಬ್ಬರೂ ಅಳತೆ ಮಾಡಿ ಹೇಳಿದ ಹಾಗೆ ಕಾಣಲ್ಲ. ಬಿಸಿಯಾದಾಗ ನಿಲ್ಲೋದು, ತಣ್ಣಗಾದ್ಮೇಲೆ ಹೊರಡೋದು, ಇದು ಪಂಪಿಂದಲೂ ಆಗುತ್ತೆ, ಕಾಯಿಲಿಂದಲೂ ಆಗುತ್ತೆ, ಎಂಜಿನ್ ತಿರುಗೋದನ್ನ ಗಾಡಿಯ ಕಂಪ್ಯೂಟರಿಗೆ ಹೇಳೋ ಕ್ಯಾಮ್ ಸೆನ್ಸರಿಂದಲೂ ಆಗುತ್ತೆ, ಪಂಪಿಗೆ ಕರೆಂಟ್ ಬಿಡೋ ಸ್ವಿಚ್ಚು, ಅಂದ್ರೆ ರಿಲೇ ಇಂದಲೂ ಆಗುತ್ತೆ. ಆದ್ರೆ ಸಾಯೋ ರೀತಿಲಿ ಒಂದು ವ್ಯತ್ಯಾಸ ಇದೆ. ಕರೆಂಟಿನ ತೊಂದ್ರೆ ಆದ್ರೆ ಸಾಮಾನ್ಯವಾಗಿ ಸ್ವಿಚ್ ಆಫ್ ಮಾಡಿದ ಹಾಗೆ ಟಕ್ ಅಂತ ನಿಲ್ಲುತ್ತೆ. ಪೆಟ್ರೋಲ್ ಸಾಲದೇ ಇದ್ರೆ ಮೊದಲು ಎಳೆಯೋದು ಕಮ್ಮಿ ಆಗುತ್ತೆ, ಆಕ್ಸಿಲೇಟರ್ ಒತ್ತಿದಷ್ಟೂ ಸೊರಗುತ್ತೆ, ಕಾಲು ಸ್ವಲ್ಪ ಬಿಟ್ರೆ ಒಂದು ಕ್ಷಣ ಚೇತರಿಸ್ಕೊಳುತ್ತೆ, ಆಮೇಲೆ ನಿಲ್ಲುತ್ತೆ. ನಿಮ್ಮದು ಎರಡನೇ ಥರ ಕಾಣ್ತಿದೆ, ಅಂದ್ರೆ ಪೆಟ್ರೋಲಿನ ಕಡೆ ಅನುಮಾನ ಜಾಸ್ತಿ. ಅನುಮಾನ ಅಷ್ಟೆ, ತೀರ್ಪಲ್ಲ.

ಹಾಸನದ ರೋಡಲ್ಲಿ ಬಾರದ್ದು ಶಿರಾಡಿಲಿ ಯಾಕೆ ಬರುತ್ತೆ ಅಂದ್ರೆ, ಮಟ್ಟದ ರೋಡಲ್ಲಿ ಎಂಜಿನ್ ಕುಡಿಯೋದು ಸ್ವಲ್ಪ, ಸವೆದ ಪಂಪು ಕೂಡ ಅಷ್ಟನ್ನ ಕೊಟ್ಟುಬಿಡುತ್ತೆ. ಏರಲ್ಲಿ ಸೆಕೆಂಡ್ ಗೇರಲ್ಲಿ ಲೋಡ್ ಬಿದ್ದಾಗ ಪ್ರೆಶರೂ ಬೇಕು, ಪ್ರಮಾಣವೂ ಬೇಕು, ಅದು ಬಹಳ ಹೊತ್ತು ಬೇಕು. ಜೊತೆಗೆ ಒಂದು ಮಾತು ಕೇಳ್ತೀನಿ, ಮಂಗಳೂರಿಂದ ಹೊರಡುವಾಗ ಟ್ಯಾಂಕಲ್ಲಿ ಎಷ್ಟು ಇರುತ್ತೆ? ಎಂಪಿಎಫ್‌ಐ ಕಾರಲ್ಲಿ ಪಂಪು ಟ್ಯಾಂಕಿನ ಒಳಗೇ ಇರುತ್ತೆ, ನಮ್ಮ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟ್ರು ನೀರಲ್ಲಿ ಮುಳುಗಿದ್ದೇ ತಣ್ಣಗಿರೋ ಹಾಗೆ ಇದು ಪೆಟ್ರೋಲಿಂದಲೇ ತಣ್ಣಗಿರೋದು, ಪೆಟ್ರೋಲು ಮೋಟ್ರಿನ ಒಳಗಿಂದಲೇ ಹರಿದು ಹೋಗುತ್ತೆ. ರಿಸರ್ವಲ್ಲಿ ಘಾಟಿ ಹತ್ತಿದ್ರೆ ಇರೋ ನಾಲ್ಕು ಲೀಟರು ತಿರುವಿಗೊಂದು ಕಡೆ ಸರಿಯುತ್ತೆ, ಪಂಪು ನಡುನಡುವೆ ಗಾಳಿ ಎಳೆಯುತ್ತೆ, ಬಿಸಿಯಾಗುತ್ತೆ, ಹಾಗೆ ವರ್ಷಗಟ್ಟಲೆ ಮಾಡಿದ್ರೆ ಒಳಗೆ ಮೋಟ್ರಿಗೆ ಕರೆಂಟ್ ದಾಟಿಸೋ ಬ್ರಷ್ಷು, ಕಮ್ಯುಟೇಟರು ಸವೆದು ಹೋಗುತ್ತೆ. ಹಾಗಾಗಿ ಏನನ್ನೂ ಬಿಚ್ಚೋಕೆ ಮುಂಚೆ ಅರ್ಧ ಟ್ಯಾಂಕ್ ಹಾಕಿಸಿ ಒಂದು ಸಲ ಅದೇ ಏರು ಹತ್ತಿ ನೋಡಿ.

ಇನ್ನೊಂದು ಪುಕ್ಕಟೆ ಪರೀಕ್ಷೆ ಇದೆ. ಗಾಡಿ ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಕ್ಯಾಪ್ ಬಿಚ್ಚಿ, ಹೊರಗಿಂದ ಒಳಕ್ಕೆ ಜೋರಾಗಿ ಗಾಳಿ ಎಳ್ಕೊಂಡ ಸದ್ದು ಬಂದು, ಆಮೇಲೆ ಕೂಡಲೇ ಸ್ಟಾರ್ಟ್ ಆದ್ರೆ ಟ್ಯಾಂಕಿಗೆ ಗಾಳಿ ಹೋಗೋ ದಾರಿ ಕಟ್ಟಿದೆ ಅಂತ, ಅಂದ್ರೆ ಖಾಲಿ ಆದ ಜಾಗಕ್ಕೆ ಗಾಳಿ ಬರ್ತಿಲ್ಲ, ಪಂಪು ಎಷ್ಟು ಎಳೆದ್ರೂ ಪೆಟ್ರೋಲ್ ಬರಲ್ಲ. ಇದಕ್ಕೆ ಪಂಪ್ ಬದಲಾಯಿಸಿದ್ರೆ ದುಡ್ಡು ದಂಡ. ಹಾಗೇ ನಿಂತಾಗ ಕೀ ಆನ್ ಮಾಡಿ, ಸೆಲ್ಫ್ ಹೊಡೀಬೇಡಿ, ಹಿಂದಿನ ಸೀಟಿನ ಕಡೆ ಕಿವಿ ಕೊಡಿ. ಎರಡು ಮೂರು ಸೆಕೆಂಡು ಗುಂಯ್ ಅಂತ ಸದ್ದು ಬಂದು ನಿಲ್ಲಬೇಕು. ಬಂದ್ರೆ ಪಂಪಿಗೆ ಕರೆಂಟ್ ಹೋಗ್ತಿದೆ ಮತ್ತೆ ಅದು ತಿರುಗ್ತಿದೆ ಅಂತ ಅಷ್ಟೆ, ಬೇಕಾದಷ್ಟು ಪ್ರೆಶರ್ ಇದೆ ಅಂತಲ್ಲ. ಬರದಿದ್ರೆ ಫ್ಯೂಸು, ರಿಲೇ, ವೈರು, ಪಂಪು, ಈ ಸಾಲಲ್ಲಿ ನೋಡ್ಕೊಂಡು ಹೋಗಬೇಕು. ಮತ್ತೆ ಘಾಟಿಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಡ್ತೀರಲ್ಲ, ಹೊರಡುವಾಗ ಆ ಕಲ್ಲನ್ನ ದಯವಿಟ್ಟು ರೋಡಿಂದ ಎತ್ತಿ ಪಕ್ಕಕ್ಕೆ ಹಾಕಿ, ರಾತ್ರಿ ಬೈಕಿನವರ ಪ್ರಾಣ ಹೋಗುತ್ತೆ ಅದರಿಂದ.

ಈಗ ಗ್ಯಾರೇಜಲ್ಲಿ ಮಾಡಿಸಬೇಕಾದ್ದು. ಫ್ಯೂಯೆಲ್ ಪ್ರೆಶರ್ ಗೇಜ್ ಇರೋ ಕಡೆಗೇ ಹೋಗಿ, ಹಾಸನದಲ್ಲಿ ಬಿಎಂ ರೋಡ್ ಉದ್ದಕ್ಕೂ ಗ್ಯಾರೇಜ್ ಇದಾವೆ, ಮೊದಲು ಫೋನಲ್ಲೇ ಕೇಳಿ ಗೇಜ್ ಇದೆಯಾ ಅಂತ. ಮೊದಲು ಪಂಪಿನ ಫ್ಯೂಸ್ ಕಿತ್ತು ಎಂಜಿನ್ ತಾನಾಗೇ ನಿಲ್ಲೋ ತನಕ ಓಡಿಸಿ ಲೈನಲ್ಲಿರೋ ಪ್ರೆಶರ್ ಇಳಿಸ್ತಾರೆ, ಆಮೇಲೆ ಎಂಜಿನ್ ಕಡೆ ಹೋಗೋ ಪೈಪಿಗೆ ಗೇಜ್ ಸೇರಿಸ್ತಾರೆ. ಆ ಕಾಲದ ಸುಜುಕಿ ಎಂಪಿಎಫ್‌ಐ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಆಫ್ ಇದ್ದು ಪಂಪು ಮಾತ್ರ ಓಡುವಾಗ ಚದರ ಸೆಂಟಿಮೀಟರಿಗೆ 2.7ರಿಂದ 3.1 ಕೆಜಿ, ಐಡ್ಲಿಂಗಲ್ಲಿ 2.1ರಿಂದ 2.6, ಆಫ್ ಮಾಡಿ ಒಂದು ನಿಮಿಷ ಆದ್ಮೇಲೂ 2ಕ್ಕಿಂತ ಮೇಲೆ ನಿಲ್ಲಬೇಕು. ನಿಮ್ಮ ಮಾಡೆಲ್ಲಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಸಿಕ್ಕಿದ್ರೆ ಅದರ ನಂಬರೇ ಕೊನೆ ಮಾತು. ಪ್ರೆಶರ್ ಕಮ್ಮಿ ಇದ್ರೆ ವಾಪಸ್ ಟ್ಯಾಂಕಿಗೆ ಹೋಗೋ ರಿಟರ್ನ್ ರಬ್ಬರ್ ಪೈಪನ್ನ ಒಂದೇ ಒಂದು ಕ್ಷಣ ಮೆತ್ತಗೆ ಅದುಮಿ ನೋಡ್ಬೇಕು. ಮುಳ್ಳು ಥಟ್ಟಂತ ಮೇಲೆ ಹೋದ್ರೆ ಪಂಪಿಗೆ ಇನ್ನೂ ಶಕ್ತಿ ಇದೆ, ಪ್ರೆಶರನ್ನ ಹದದಲ್ಲಿ ಇಡೋ ರೆಗ್ಯುಲೇಟರ್ ಸೋರ್ತಿದೆ. ಹೋಗದಿದ್ರೆ ಫಿಲ್ಟರ್ ಕಟ್ಟಿರಬೇಕು, ಇಲ್ಲಾ ಪಂಪೇ ಸೋತಿರಬೇಕು. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತಾಗ ಅದರೊಳಗೆ ಪೆಟ್ರೋಲ್ ಹಸಿ ಕಂಡ್ರೂ ರೆಗ್ಯುಲೇಟರ್ ಒಳಗೆ ಹರಿದಿದೆ ಅಂತ ಅರ್ಥ. ಆದ್ರೆ ನಿಮ್ಮ ಕೇಸಲ್ಲಿ ತಣ್ಣಗಿರುವಾಗ ಎಲ್ಲಾ ಸರಿಯಾಗೇ ತೋರಿಸುತ್ತೆ, ಅದಕ್ಕೆ ಗೇಜನ್ನ ಹಾಗೇ ಕಟ್ಟಿಟ್ಟು ಅರ್ಧ ಗಂಟೆ ಮುಕ್ಕಾಲು ಗಂಟೆ ಎಂಜಿನ್ ಓಡಿಸಿ ನೋಡಕ್ಕೆ ಹೇಳಿ, ಈ ತಾಳ್ಮೆ ಇಲ್ಲದೇ ಇರೋದ್ರಿಂದಲೇ ಬಿಸಿಗೆ ಬರೋ ತೊಂದ್ರೆ ಸಿಗದೆ ಉಳಿಯೋದು.

ಪ್ರೆಶರ್ ಕಮ್ಮಿ ಬಂತು, ಫಿಲ್ಟರ್ ಹೊಸದು ಹಾಕಿದ್ರೂ ಕಮ್ಮಿನೇ, ಹಾಗಾದ್ರೆ ಪಂಪ್ ತಗೊಳೋದಾ? ಇನ್ನೊಂದು ಹೆಜ್ಜೆ ಇದೆ, ಇದನ್ನ ಬಿಟ್ಟುಬಿಡೋದೇ ಜಾಸ್ತಿ. ಪಂಪು ಓಡ್ತಾ ಇರುವಾಗ ಅದಕ್ಕೆ ವೈರ್ ಸೇರೋ ಕಪ್ಲರಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿಸಿ. ಬ್ಯಾಟರಿಲಿ ಎಷ್ಟಿದೆಯೋ ಅದಕ್ಕಿಂತ ಅರ್ಧ ವೋಲ್ಟಿಗಿಂತ ಜಾಸ್ತಿ ಕಮ್ಮಿ ಇರಬಾರದು. ಬ್ಯಾಟರಿಲಿ 12.5, ಪಂಪಲ್ಲಿ 10 ಅಂದ್ರೆ ಎರಡೂವರೆ ವೋಲ್ಟು ದಾರಿಲೇ ಕಳೆದುಹೋಗಿದೆ, ಪಂಪು ನಿಧಾನ ತಿರುಗ್ತಿದೆ, ಪಾಪ ಅದರ ತಪ್ಪೇನೂ ಇಲ್ಲ. ಮಲೆನಾಡಲ್ಲಿ ಇದು ಬಹಳ. ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆಯಾಗಿ ಸೀಟಿನ ಕೆಳಗಿನ ಅರ್ತಿಂಗ್ ಬೋಲ್ಟು ತುಕ್ಕು ಹಿಡಿಯುತ್ತೆ, ಟ್ಯಾಂಕಿನ ಮೇಲಿನ ಕಪ್ಲರಿನ ಪಿನ್ನು ಹಸಿರುಗಟ್ಟುತ್ತೆ, ಇಲ್ಲಾ ಬಿಸಿಗೆ ಕಪ್ಪಗೆ ಕರಗಿರುತ್ತೆ. ರಿಲೇ ಟಿಕ್ ಅಂದ್ರೆ ಸರಿ ಇದೆ ಅಂತಾರೆ, ಟಿಕ್ ಅನ್ನೋದು ರಿಲೇ ಒಳಗಿನ ಕಾಯಿಲ್ ಕೆಲಸ ಮಾಡ್ತಿದೆ ಅಂತ ಮಾತ್ರ ಹೇಳುತ್ತೆ, ಒಳಗಿನ ಪಾಯಿಂಟು ಸುಟ್ಟಿದ್ರೂ ಟಿಕ್ ಅನ್ನುತ್ತೆ. ಇದನ್ನೆಲ್ಲಾ ನೋಡದೆ ಹೊಸ ಪಂಪ್ ಹಾಕಿದ್ರೆ ಸ್ವಲ್ಪ ದಿನ ಓಡುತ್ತೆ, ಯಾಕಂದ್ರೆ ಹೊಸದು ಹತ್ತು ವೋಲ್ಟಲ್ಲೂ ಹೇಗೋ ಎಳೆಯುತ್ತೆ, ಆಮೇಲೆ ಅದೂ ಅದೇ ದಾರಿ.

ಎಲ್ಲಾ ನೋಡಿ ಪಂಪೇ ಅಂತ ಆದ್ರೆ ಬದಲಾಯಿಸಿ, ಮುಂದೂಡಬೇಡಿ, ಘಾಟಿ ತಿರುವಲ್ಲಿ ಹಿಂದೆ ಟ್ಯಾಂಕರ್ ಇರುವಾಗ ನಿಂತ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಕೆಲವು ಕಾರಲ್ಲಿ ಹಿಂದಿನ ಸೀಟು ಎತ್ತಿದ್ರೆ ಪಂಪಿಗೆ ಮುಚ್ಚಳ ಸಿಗುತ್ತೆ, ಕೆಲವಕ್ಕೆ ಟ್ಯಾಂಕೇ ಇಳಿಸಬೇಕು, ಲೇಬರ್ ಅದರ ಮೇಲೆ ಹೋಗುತ್ತೆ, ಮೊದಲೇ ಮಾತಾಡ್ಕೊಳ್ಳಿ. ಟ್ಯಾಂಕ್ ಇಳಿಸೋ ಕಷ್ಟಕ್ಕೆ ಸೀಟಿನ ಕೆಳಗಿನ ತಗಡನ್ನ ಗ್ರೈಂಡರಲ್ಲಿ ಕೊಯ್ದು ದಾರಿ ಮಾಡ್ತೀನಿ ಅನ್ನೋರು ಇದಾರೆ. ಬೇಡ. ಪೆಟ್ರೋಲ್ ಟ್ಯಾಂಕಿನ ಮೇಲೆ ಕಿಡಿ ಹಾರಿಸೋ ಕೆಲಸಕ್ಕೆ ಎಷ್ಟು ಕಮ್ಮಿ ದುಡ್ಡು ಹೇಳಿದ್ರೂ ಗಾಡಿ ವಾಪಸ್ ತಗೊಂಡು ಬನ್ನಿ. ಟ್ಯಾಂಕಲ್ಲಿ ಕಾಲು ಭಾಗಕ್ಕಿಂತ ಕಮ್ಮಿ ಪೆಟ್ರೋಲ್ ಇರಬೇಕು, ಬ್ಯಾಟರಿ ನೆಗೆಟಿವ್ ಕಳಚಿರಬೇಕು, ಬಯಲಲ್ಲಿ ಕೆಲಸ ನಡೀಬೇಕು, ವೈರ್ ಎಳೆದು ನೇತಾಕೋ ಬಲ್ಬು ಹತ್ತಿರ ಇರಬಾರದು, ಬೆಂಕಿ ಆರಿಸೋ ಸಿಲಿಂಡರ್ ಕೈಗೆ ಸಿಗೋ ಕಡೆ ಇರಬೇಕು. ಬಾಯಲ್ಲಿ ಪೈಪ್ ಎಳೆದು ಪೆಟ್ರೋಲ್ ತೆಗೆಯೋ ಅಭ್ಯಾಸ ಇನ್ನೂ ಹೋಗಿಲ್ಲ, ಶ್ವಾಸಕೋಶಕ್ಕೆ ಹೋದ್ರೆ ಆಸ್ಪತ್ರೆನೇ, ಕೈ ಪಂಪು ಸಿಗುತ್ತೆ ಅದನ್ನ ಬಳಸಲಿ.

ಮುಚ್ಚಳ ಬಿಚ್ಚೋಕೆ ಮುಂಚೆ ಸುತ್ತ ಇರೋ ಮಣ್ಣೆಲ್ಲಾ ಬ್ರಷ್ ಹಾಕಿ ಒರೆಸಬೇಕು, ಇಲ್ಲಾಂದ್ರೆ ಅದೇ ಮಣ್ಣು ಟ್ಯಾಂಕಿಗೆ ಬೀಳುತ್ತೆ. ಪಂಪಿನ ತಳದ ಜಾಲರಿ ಹೊಸದೇ ಆಗಬೇಕು, ಲೈನ್ ಫಿಲ್ಟರ್ ಹೊಸದು, ಮುಚ್ಚಳದ ಓರಿಂಗ್ ಹೊಸದು. ಓರಿಂಗ್ ಬದಲು ಸಿಲಿಕಾನ್ ಪೇಸ್ಟ್ ಬಳಿಯೋಕೆ ಬಿಡಬೇಡಿ, ಮಾಮೂಲಿ ಪೇಸ್ಟು ಪೆಟ್ರೋಲಿಗೆ ಕರಗಿ ಚೂರುಚೂರಾಗಿ ಜಾಲರಿಗೆ ಹೋಗಿ ಕೂರುತ್ತೆ. ಟ್ಯಾಂಕಿನ ಒಳಗೆ ಪಂಪಿಂದ ಮೇಲಕ್ಕೆ ಒಂದು ಗೇಣಿಗಿಂತ ಚಿಕ್ಕ ಪೈಪ್ ತುಂಡು ಇರುತ್ತಲ್ಲ, ಅದರ ಬಗ್ಗೆ ವಿಶೇಷವಾಗಿ ಹೇಳ್ತೀನಿ. ಅದು ಒಳಗೂ ಹೊರಗೂ ಪೆಟ್ರೋಲಲ್ಲಿ ಮುಳುಗಿರೋ ಪೈಪು, ಅದಕ್ಕಂತಾನೇ ಬೇರೆ ಹೋಸ್ ಬರುತ್ತೆ, ಮೇಲೆ ಜೆ30 ಆರ್10 ಅಂತ ಅಚ್ಚು ಇರುತ್ತೆ. ಅಂಗಡಿಲಿ ಮೀಟರ್ ಲೆಕ್ಕದಲ್ಲಿ ಸಿಗೋ ಪೆಟ್ರೋಲ್ ಪೈಪ್ ತನ್ನೊಳಗೆ ಹರಿಯೋ ಪೆಟ್ರೋಲನ್ನ ಮಾತ್ರ ತಡಕೊಳ್ಳೋದಕ್ಕೆ ಮಾಡಿರೋದು, ಮುಳುಗಿಸಿಟ್ರೆ ಉಬ್ಬಿ ಸೀಳುತ್ತೆ, ಪಂಪು ಎಷ್ಟು ಒತ್ತಿದ್ರೂ ಪೆಟ್ರೋಲು ಟ್ಯಾಂಕಿನೊಳಗೇ ಸೋರಿ ಹೋಗುತ್ತೆ, ಹೊರಗೆ ಒಂದು ಹನಿ ಕಾಣಲ್ಲ, ಹೊಸ ಪಂಪ್ ಡೂಪ್ಲಿಕೇಟ್ ಅಂತ ಬೈಕೊಂಡು ಮತ್ತೊಂದು ತರ್ತೀರ. ಎಲ್ಲಾ ಸೇರಿಸಿದ್ಮೇಲೆ ಕೀ ಆನ್ ಆಫ್ ನಾಲ್ಕೈದು ಸಲ ಮಾಡಿ, ಪ್ರೆಶರ್ ತುಂಬಿದಾಗ ಎಲ್ಲೂ ಒದ್ದೆ ಇಲ್ಲ ಅಂತ ಕಣ್ಣಲ್ಲಿ ನೋಡಿ, ಆಮೇಲೇ ಸೆಲ್ಫ್. ಹಳೇ ಪಂಪು ಮತ್ತೆ ಜಾಲರಿ ನಮಗೆ ಕೊಡಿ ಅಂತ ಕೇಳಿ ತಗೊಳ್ಳಿ, ಜಾಲರಿ ಕಂದು ಬಣ್ಣದ ಕೆಸರಾಗಿದ್ರೆ ಟ್ಯಾಂಕ್ ತೊಳೆಸದೆ ಗಾಡಿ ಮನೆಗೆ ತರಬೇಡಿ.

ಮೂಡಿಗೆರೆಯಿಂದ: ನಮ್ಮದು 1995ರ ಮಾರುತಿ 800, ಕಾರ್ಬೊರೇಟರ್ ಗಾಡಿ. ಆಯಿಲ್ ಡಿಪ್‌ಸ್ಟಿಕ್ ನೋಡಿದ್ರೆ ಆಯಿಲ್ ಕಮ್ಮಿ ಆಗೋ ಬದಲು ಜಾಸ್ತಿ ಆಗ್ತಾ ಉಂಟು, ಪೆಟ್ರೋಲ್ ವಾಸನೆ ಬರ್ತದೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಬರುವಷ್ಟರಲ್ಲಿ ಮಿಸ್ಸಿಂಗ್ ಹೊಡೀತದೆ. ತೋಟಕ್ಕೆ ಹೋಗಿ ಬರೋದಕ್ಕೆ ತೊಂದ್ರೆ ಇಲ್ಲ, ಹೀಗೇ ಓಡಿಸಬಹುದಾ?

ಉತ್ತರ: ಬೇಡ ಅಣ್ಣಾ, ತೋಟಕ್ಕೂ ಬೇಡ, ಈ ಪತ್ರಿಕೆ ಕೈಗೆ ಬಂದ ದಿನದಿಂದಲೇ ನಿಲ್ಲಿಸಿ. ನಿಮ್ಮ ಗಾಡಿಲಿ ಕರೆಂಟ್ ಪಂಪ್ ಇಲ್ಲ, ಎಂಜಿನ್ನಿಗೇ ಬೋಲ್ಟ್ ಹಾಕಿರೋ ಮೆಕ್ಯಾನಿಕಲ್ ಪಂಪು, ಕ್ಯಾಮ್‌ಶಾಫ್ಟ್ ತಿರುಗಿದಾಗ ಒಳಗಿನ ರಬ್ಬರ್ ಪೊರೆ, ಅಂದ್ರೆ ಡಯಾಫ್ರಂ, ಮೇಲೆ ಕೆಳಗೆ ಆಡಿ ಪೆಟ್ರೋಲ್ ಎಳ್ಕೊಡುತ್ತೆ. ಆ ಡಯಾಫ್ರಂ ಹರಿದ್ರೆ ಪೆಟ್ರೋಲು ಹೊರಗೆ ಸುರಿಯೋ ಬದಲು ಎಂಜಿನ್ ಒಳಕ್ಕೆ, ಆಯಿಲ್ ಚೇಂಬರಿಗೆ ಇಳಿಯಬಹುದು. ಆಯಿಲ್ ನೀರಿನಂತೆ ತೆಳ್ಳಗಾಗುತ್ತೆ, ಬೇರಿಂಗ್ ಮೇಲಿನ ಆಯಿಲ್ ಪದರ ನಿಲ್ಲಲ್ಲ, ಕ್ರ್ಯಾಂಕ್ ಹಿಡ್ಕೊಂಡ್ರೆ ಪಂಪಿನ ಬೆಲೆಯ ಎಷ್ಟೋ ಪಟ್ಟು ಖರ್ಚು, ಅದಕ್ಕಿಂತ ಹೆಚ್ಚಾಗಿ ಒಳಗೆ ಪೆಟ್ರೋಲ್ ಆವಿ ತುಂಬಿರೋ ಎಂಜಿನ್ ಬೆಂಕಿಗೆ ಹತ್ತಿರ.

ಗ್ಯಾರೇಜಿಗೆ ಓಡಿಸ್ಕೊಂಡು ಹೋಗಬೇಡಿ, ಮೆಕ್ಯಾನಿಕ್‌ನ ಮನೆಗೇ ಕರೆಸಿ, ಇದು ಎರಡು ನಟ್ಟು ಎರಡು ಪೈಪಿನ ಕೆಲಸ. ಪಂಪ್ ಬಿಚ್ಚುವಾಗ ಎಂಜಿನ್‌ಗೂ ಪಂಪಿಗೂ ನಡುವೆ ದಪ್ಪ ಸ್ಪೇಸರ್ ಇದ್ರೆ ಬಿಸಾಕಬೇಡಿ, ಎಂಜಿನ್ ಶಾಖ ಪಂಪಿಗೆ ಹತ್ತದ ಹಾಗೆ ತಡೆಯೋದು ಅದೇ, ಎರಡೂ ಕಡೆ ಹೊಸ ಪ್ಯಾಕಿಂಗ್ ಹಾಕಿ ಅದನ್ನ ಅಲ್ಲೇ ಕೂರಿಸಬೇಕು. ಆಯಿಲೂ ಆಯಿಲ್ ಫಿಲ್ಟರೂ ಕಡ್ಡಾಯವಾಗಿ ಹೊಸದು. ಹೊಸ ಪಂಪ್ ಹಾಕಿದ್ಮೇಲೆ ಪರೀಕ್ಷೆ ಸುಲಭ, ಕಾಯಿಲಿನ ವೈರ್ ಕಳಚಿ ಕಿಡಿ ಬಾರದ ಹಾಗೆ ಮಾಡಿ, ಕಾರ್ಬೊರೇಟರಿಗೆ ಹೋಗೋ ಪೈಪನ್ನ ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದ್ರೆ ಚಿಮ್ಮಿ ಚಿಮ್ಮಿ ಬರಬೇಕು. ತೊಟ್ಟಿಕ್ಕಿದ್ರೆ ಟ್ಯಾಂಕಿಂದ ಬರೋ ಲೈನಲ್ಲಿ ಎಲ್ಲೋ ಗಾಳಿ ಎಳೀತಿದೆ ಇಲ್ಲಾ ಕಟ್ಟಿದೆ.

ಚಾರ್ಮಾಡಿ ಮಿಸ್ಸಿಂಗಿಗೂ ಈ ಹರಿದ ಡಯಾಫ್ರಮ್ಮೇ ಕಾರಣ ಇರಬಹುದು. ಹೊಸದು ಹಾಕಿದ್ಮೇಲೂ ಬಿಸಿಲಲ್ಲಿ ಬಂದ್ರೆ ವೇಪರ್ ಲಾಕ್, ಪೈಪಲ್ಲೇ ಪೆಟ್ರೋಲ್ ಆವಿಯಾಗಿ ಪಂಪು ಆವಿಯನ್ನೇ ಅಮುಕ್ತಾ ಕೂರುತ್ತೆ. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕೋದು ಹಿಂದಿನ ಡ್ರೈವರುಗಳ ಉಪಾಯ, ಈಗ್ಲೂ ಕೆಲಸ ಮಾಡುತ್ತೆ. ಇದರ ಬದಲು ಕರೆಂಟ್ ಪಂಪ್ ಹಾಕಿಬಿಡೋಣ ಅಂತ ಯಾರಾದ್ರೂ ಹೇಳಿದ್ರೆ ಹುಷಾರು. ಕಾರ್ಬೊರೇಟರಿಗೆ ಬೇಕಿರೋದು ಸುಮಾರು 0.2ರಿಂದ 0.3 ಕೆಜಿ ಪ್ರೆಶರ್ ಅಷ್ಟೆ, ಎಂಪಿಎಫ್‌ಐ ಪಂಪು ಅದರ ಹತ್ತು ಪಟ್ಟು ಒತ್ತುತ್ತೆ, ಕಾರ್ಬೊರೇಟರಿಗೆ ಬರೋ ಪೆಟ್ರೋಲನ್ನ ತಡೆಯೋ ನೀಡಲ್ ವಾಲ್ವ್ ತಾಳೋಕಾಗದೆ ಪೆಟ್ರೋಲು ಬಿಸಿ ಎಂಜಿನ್ ಮೇಲೆ ಉಕ್ಕಿ ಬರುತ್ತೆ.

ಚಿಕ್ಕಮಗಳೂರು ಟೌನಿಂದ: ಮಗ ಬೆಂಗಳೂರಲ್ಲಿದಾನೆ, ಕಾರು ಇಲ್ಲಿ ಶೆಡ್ಡಲ್ಲಿ ನಿಂತಿರುತ್ತೆ, ಅವನು ಬಂದಾಗ ಓಡಿಸ್ತಾನೆ. 2007ರ ಗಾಡಿ. ಕಳೆದ ವರ್ಷ ಹೊಸ ಪಂಪ್ ಹಾಕಿಸಿದ್ವಿ, ಈ ಮಳೆಗಾಲ ಮುಗಿಯೋದ್ರೊಳಗೆ ಮತ್ತೆ ಹೋಯ್ತು. ಪಾರ್ಟ್ ಡೂಪ್ಲಿಕೇಟ್ ಇರಬಹುದಾ ಸಾರ್?

ಉತ್ತರ: ಇರಬಹುದಮ್ಮಾ, ಆದ್ರೆ ನಿಮ್ಮ ಪತ್ರದಲ್ಲಿ ನನಗೆ ದೊಡ್ಡದಾಗಿ ಕಂಡಿದ್ದು ಶೆಡ್ಡು ಮತ್ತೆ ಮಳೆಗಾಲ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಎಥನಾಲ್ ಇರುತ್ತೆ, 2023ರಿಂದ ಇ20 ಅಂದ್ರೆ ನೂರಕ್ಕೆ 20 ಭಾಗ ಎಥನಾಲ್ ಸೇರಿದ್ದು ಬರೋಕೆ ಶುರುವಾಗಿ ಈಗ ಎಲ್ಲಾ ಕಡೆ ಹೆಚ್ಚುಕಮ್ಮಿ ಅದೇ. ಎಥನಾಲ್ ಗಾಳಿಲಿರೋ ತೇವವನ್ನ ಎಳ್ಕೊಳುತ್ತೆ. ಸ್ವಲ್ಪ ನೀರು ಪೆಟ್ರೋಲಲ್ಲೇ ಕರಗಿ ಎಂಜಿನ್ನಲ್ಲಿ ಉರಿದು ಹೋಗುತ್ತೆ, ಅದರಿಂದ ಏನೂ ಆಗಲ್ಲ. ಮಿತಿ ದಾಟಿದ್ರೆ ಮಾತ್ರ ನೀರು ಎಥನಾಲನ್ನ ಜೊತೆಗೆ ಕರ್ಕೊಂಡು ತಳಕ್ಕೆ ಇಳಿದು ಬೇರೆ ಪದರ ಆಗುತ್ತೆ, ಆ ತಳದಲ್ಲೇ ನಿಮ್ಮ ಪಂಪು ಕೂತಿರೋದು. ತಿಂಗಳುಗಟ್ಟಲೆ ಅಲ್ಲಾಡದೆ ನಿಂತ ಗಾಡಿ, ಅರ್ಧಕ್ಕಿಂತ ಕಮ್ಮಿ ಟ್ಯಾಂಕು, ಹಗಲು ರಾತ್ರಿ ಬದಲಾಗೋ ಚಳಿಗೆ ಖಾಲಿ ಜಾಗದಲ್ಲಿ ಕಟ್ಟೋ ಹನಿ, ಎಲ್ಲಾ ಸೇರಿ ಪಂಪಿನ ಒಳಗೆ ತುಕ್ಕು. ತಗಡಿನ ಟ್ಯಾಂಕ್ ಆದ್ರೆ ಅದಕ್ಕೂ ತುಕ್ಕು, ಆ ಪುಡಿ ಜಾಲರಿ ಕಟ್ಟುತ್ತೆ, ಪಂಪು ಕಷ್ಟಪಟ್ಟು ಎಳೆದು ಸುಡುತ್ತೆ.

ಮೂರನೇ ಪಂಪ್ ಹಾಕೋಕೆ ಮುಂಚೆ ಟ್ಯಾಂಕಿನ ತಳದ ಪೆಟ್ರೋಲನ್ನ ಒಂದು ಗಾಜಿನ ಬಾಟಲಿಗೆ ತೆಗೆಸಿ, ಮುಚ್ಚಿ ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಂಡ್ರೆ, ಮಬ್ಬಾಗಿದ್ರೆ, ತಳದಲ್ಲಿ ಕಂದು ಪುಡಿ ಕೂತ್ರೆ, ಟ್ಯಾಂಕ್ ಇಳಿಸಿ ತೊಳೆದು ಒಣಗಿಸಿಯೇ ಹೊಸದು ಹಾಕಬೇಕು. ಒಳಗೆಲ್ಲಾ ತುಕ್ಕು ಸುಲಿದು ಬರ್ತಿದ್ರೆ ಟ್ಯಾಂಕೇ ಬದಲಾಯಿಸಿ, ಮನಸ್ಸಿಗೆ ಕಷ್ಟ ಆಗುತ್ತೆ, ಆದ್ರೂ ಅದೇ ಕಮ್ಮಿ ಖರ್ಚು. ಆಮೇಲೆ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬ್ಸಿ ನಿಲ್ಲಿಸಿ, ಖಾಲಿ ಜಾಗ ಇಲ್ಲದಿದ್ರೆ ತೇವಕ್ಕೆ ಜಾಗ ಇಲ್ಲ. ಹದಿನೈದು ದಿನಕ್ಕೊಂದು ಸಲ ಅಕ್ಕಪಕ್ಕದ ನಂಬಿಕಸ್ಥರು ಯಾರಾದ್ರೂ ಕಡೂರು ರೋಡಲ್ಲಿ ಅರ್ಧ ಗಂಟೆ ಓಡಿಸಿ ತಂದ್ರೆ ಇನ್ನೂ ಒಳ್ಳೇದು, ಶೆಡ್ಡಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ಸಾಲದು. ಬಂಕಿನ ಪೆಟ್ರೋಲ್ ಮೇಲೆ ಅನುಮಾನ ಇದ್ರೆ ಫಿಲ್ಟರ್ ಪೇಪರ್ ಕೇಳಿ, ಒಂದು ಹನಿ ಹಾಕಿ ಆರಿದ್ಮೇಲೆ ಕಲೆ ಉಳಿಯುತ್ತಾ ನೋಡೋ ಹಕ್ಕು ಪ್ರತಿ ಗ್ರಾಹಕರಿಗೂ ಇದೆ, ಅಳತೆ ಅನುಮಾನ ಇದ್ರೆ 5 ಲೀಟರಿನ ಮಾಪನದಲ್ಲಿ ಅಳೆದು ತೋರಿಸಬೇಕು. ಪೇಪರ್ ಪರೀಕ್ಷೆ ಕಲಬೆರಕೆಗೆ, ಅದರಲ್ಲಿ ನೀರು ಗೊತ್ತಾಗಲ್ಲ, ನೀರಿಗೆ ಬಾಟಲಿನೇ.

ಕಡೂರಿಂದ: ಬೆಳಿಗ್ಗೆ ಮೊದಲ ಸಲ ಮಾತ್ರ ತುಂಬಾ ಹೊತ್ತು ಸೆಲ್ಫ್ ಹೊಡೀಬೇಕು, ಆಮೇಲೆ ದಿನವಿಡೀ ಒಂದೇ ಟಚ್ಚಿಗೆ ಸ್ಟಾರ್ಟ್. ಬ್ಯಾಟರಿ ಹೊಸದು. ಎಂಪಿಎಫ್‌ಐ ಆಲ್ಟೊ.

ಉತ್ತರ: ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯೋಕೆ ಮುಂಚೆ ಕೀ ಆನ್ ಮಾಡಿ ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ, ಹೀಗೆ ಮೂರು ನಾಲ್ಕು ಸಲ ಮಾಡಿ, ಆಮೇಲೆ ಸೆಲ್ಫ್. ಟಕ್ ಅಂತ ಹತ್ಕೊಂಡ್ರೆ ರಾತ್ರಿಯೆಲ್ಲಾ ಲೈನಿನ ಪ್ರೆಶರ್ ಇಳಿದು ಹೋಗ್ತಿದೆ ಅಂತ ಗೊತ್ತಾಯ್ತು. ಪಂಪಿನ ಬಾಯಲ್ಲಿ ವಾಪಸ್ ಹೋಗದ ಹಾಗೆ ಒಂದು ಚಿಕ್ಕ ವಾಲ್ವ್ ಇರುತ್ತೆ, ಅದು ಸೋರ್ತಿರಬಹುದು. ರೆಗ್ಯುಲೇಟರ್ ಅಥವಾ ಇಂಜೆಕ್ಟರ್ ಸೋರಿದ್ರೂ ಇದೇ ಲಕ್ಷಣ, ಇಂಜೆಕ್ಟರ್ ಸೋರೋದಾದ್ರೆ ಬೆಳಿಗ್ಗೆ ಸ್ಟಾರ್ಟ್ ಆದಾಗ ಸೈಲೆನ್ಸರಲ್ಲಿ ಪೆಟ್ರೋಲ್ ವಾಸನೆ, ಸ್ವಲ್ಪ ಕಪ್ಪು ಹೊಗೆ ಬರುತ್ತೆ. ವಾಲ್ವ್ ಮಾತ್ರ ಆದ್ರೆ ಗಾಬರಿ ಬೇಡ, ಕೀ ಆನ್ ಆಫ್ ಮಾಡ್ಕೊಂಡು ಎಷ್ಟೋ ದಿನ ಓಡಿಸಬಹುದು, ಪಂಪ್ ಬದಲಾಯಿಸೋ ಅರ್ಜೆಂಟ್ ಇಲ್ಲ.

ಅರಸೀಕೆರೆಯಿಂದ: ಗಾಡಿ ಸ್ಟಾರ್ಟ್ ಆಗ್ದೇ ಇದ್ದಾಗ ಟ್ಯಾಂಕಿಗೆ ಕೆಳಗಿಂದ ನಾಲ್ಕು ಏಟು ಹೊಡೆದ್ರೆ ಸ್ಟಾರ್ಟ್ ಆಯ್ತದೆ ಅಣ್ಣ, ಇದು ಹೆಂಗೆ?

ಉತ್ತರ: ಪಂಪಿನ ಮೋಟ್ರಲ್ಲಿ ಬ್ರಷ್ಷು ಸವೆದು ಒಂದು ಜಾಗದಲ್ಲಿ ಕಾಂಟ್ಯಾಕ್ಟ್ ಬಿಟ್ಟೋಗಿರುತ್ತೆ ತಮ್ಮಾ, ಅದೇ ಜಾಗದಲ್ಲಿ ನಿಂತ್ರೆ ಮತ್ತೆ ಎದ್ದೇಳಲ್ಲ, ಏಟಿಗೆ ಅಲುಗಾಡಿ ಕಾಂಟ್ಯಾಕ್ಟ್ ಸಿಗುತ್ತೆ. ಅಂದ್ರೆ ನಿಮ್ಮ ಗಾಡಿ ತನ್ನ ರೋಗ ತಾನೇ ಹೇಳಿದೆ, ಇಲ್ಲಿ ಮಾತ್ರ ಹೆಚ್ಚು ಹುಡುಕಾಟ ಬೇಡ, ಕಪ್ಲರ್ ಲೂಸ್ ಇಲ್ಲ ಅಂತ ನೋಡ್ಕೊಂಡು ಪಂಪ್ ಹಾಕಿಸಿ. ಅಲ್ಲಿವರೆಗೆ ಹೊಡೆಯೋದಾದ್ರೆ ಕೈ ಮುಷ್ಟಿಲಿ, ಇಲ್ಲಾ ರಬ್ಬರ್ ಸುತ್ತಿಗೇಲಿ. ಕಬ್ಬಿಣದ ಸ್ಪ್ಯಾನರಲ್ಲಿ ಹೊಡೀಬೇಡಿ, ತುಕ್ಕು ಹಿಡಿದ ಟ್ಯಾಂಕ್ ತೂತಾಗುತ್ತೆ, ಕಿಡಿನೂ ಏಳುತ್ತೆ.

ಬೇಲೂರಿಂದ: ಟ್ಯಾಂಕಿಗೆ ಹಾಕೋ ಕ್ಲೀನರ್ ಬಾಟಲಿ ಸಿಗುತ್ತಲ್ಲ, ಅದರಿಂದ ಪಂಪ್ ಸರಿ ಹೋಗುತ್ತಾ?

ಉತ್ತರ: ಇಲ್ಲ. ಇಂಜೆಕ್ಟರಲ್ಲಿ ಕೂತಿರೋ ಕೊಳೆಗೆ ಸ್ವಲ್ಪ ಉಪಯೋಗ ಆಗಬಹುದು, ಸವೆದ ಮೋಟ್ರನ್ನ ಯಾವ ದ್ರಾವಣವೂ ಮತ್ತೆ ಬೆಳೆಸಲ್ಲ. ಆ ದುಡ್ಡಲ್ಲಿ ಲೈನ್ ಫಿಲ್ಟರ್ ಬದಲಾಯಿಸಿ.

ಆಲ್ದೂರಿಂದ: ತೋಟದ ಮಹೀಂದ್ರ ಜೀಪು, ಹಳೇ ಡೀಸೆಲ್ ಡಿಐ ಎಂಜಿನ್. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದ್ರೆ ಸ್ಟಾರ್ಟ್ ಆಗಲ್ಲ, ಕೈ ಪಂಪು ಹೊಡೆದ್ರೆ ಆಗ್ತದೆ, ಕೆಲವು ಸಲ ಏರಲ್ಲಿ ಕಾಫಿ ಮೂಟೆ ಇದ್ದಾಗ ನಿಂತೇ ಹೋಗ್ತದೆ. ಮೈಕೋ ಪಂಪ್ ಬಿಚ್ಚಿ ರಿಪೇರಿ ಮಾಡಿಸಬೇಕು ಅಂತಾರೆ.

ಉತ್ತರ: ದಯವಿಟ್ಟು ಮೈಕೋ ಪಂಪಿಗೆ ಸದ್ಯ ಕೈ ಹಾಕಿಸಬೇಡಿ. ಅದು ಇಂಜೆಕ್ಷನ್ ಪಂಪು, ಅಂದ್ರೆ ಡೀಸೆಲನ್ನ ಅಳೆದು ಜೋರಾಗಿ ಒತ್ತಿ ಇಂಜೆಕ್ಟರಿಗೆ ಕಳಿಸೋದು, ಬಿಚ್ಚಿದ್ರೆ ಟೆಸ್ಟ್ ಬೆಂಚ್ ಮೇಲೆ ಕ್ಯಾಲಿಬ್ರೇಷನ್ ಆಗಲೇಬೇಕು, ದೊಡ್ಡ ಖರ್ಚು. ನಿಮ್ಮ ಲಕ್ಷಣ ಪೂರ್ತಿ ಲೈನಲ್ಲಿ ಏರ್ ಹಿಡೀತಿರೋದು. ಟ್ಯಾಂಕಿಂದ ಡೀಸೆಲ್ ಎಳ್ಕೊಡೋದು ಮೈಕೋ ಪಂಪಿನ ಪಕ್ಕದಲ್ಲಿ ಅಂಟ್ಕೊಂಡಿರೋ ಚಿಕ್ಕ ಫೀಡ್ ಪಂಪು, ನೀವು ಹೊಡೀತಿರೋ ಕೈ ಪಂಪೂ ಅದರದ್ದೇ. ಟ್ಯಾಂಕಿಂದ ಅಲ್ಲಿವರೆಗಿನ ಪೈಪು ಎಳೆಯೋ ಕಡೆ, ಒತ್ತೋ ಕಡೆ ಅಲ್ಲ. ಅಲ್ಲಿ ತೂತಿದ್ರೆ ಓಡುವಾಗ ಡೀಸೆಲ್ ಹೊರಗೆ ಸೋರಲ್ಲ, ಗಾಳಿ ಒಳಗೆ ಹೋಗುತ್ತೆ, ಅದಕ್ಕೇ ಎಲ್ಲರೂ ಒದ್ದೆ ಹುಡುಕ್ತಾರೆ, ಸಿಗಲ್ಲ, ಕೊನೆಗೆ ಪಂಪಿನ ಮೇಲೆ ಹೇಳ್ತಾರೆ.

ಫೀಡ್ ಪಂಪಿಗೆ ಬರೋ ಕಡೆ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ತಾತ್ಕಾಲಿಕವಾಗಿ ಹಾಕಿ ಎಂಜಿನ್ ಓಡಿಸಿ ನೋಡಿ, ಗುಳ್ಳೆ ಓಡ್ತಿದ್ರೆ ಅದರಿಂದ ಟ್ಯಾಂಕಿನ ಕಡೆಗೆ ಒಂದೊಂದೇ ಜಾಯಿಂಟ್ ಹುಡುಕಿ. ಬಿರುಕು ಬಿಟ್ಟ ರಬ್ಬರ್ ತುಂಡು, ಚಾಸಿಗೆ ಉಜ್ಜಿ ಸವೆದ ಪೈಪು, ಟ್ಯಾಂಕಿನೊಳಗಿನ ಎಳೆಯೋ ಪೈಪಲ್ಲಿ ತುಕ್ಕಿನ ತೂತು, ಪೈಪಿನ ತುದಿ ಕೂರಿಸೋ ತೂತಿರೋ ಬೋಲ್ಟು, ಅಂದ್ರೆ ಬ್ಯಾಂಜೊ ಬೋಲ್ಟಿನ ಹಳೇ ವಾಷರು, ಇವೇ ಜಾಸ್ತಿ. ಟ್ಯಾಂಕಿನೊಳಗಿನ ತೂತು ಇದ್ರೆ ಫುಲ್ ಟ್ಯಾಂಕಲ್ಲಿ ಸರಿಯಾಗಿ ಓಡುತ್ತೆ, ಅರ್ಧಕ್ಕಿಂತ ಇಳಿದ್ರೆ ತೊಂದ್ರೆ ಶುರು, ನಿಮಗೆ ಹಾಗೆ ಆಗ್ತಿದೆಯಾ ನೋಡ್ಕೊಳ್ಳಿ. ತಾಮ್ರದ ವಾಷರನ್ನ ಒಂದು ಸಲ ಬಿಚ್ಚಿದ್ಮೇಲೆ ಹೊಸದೇ ಹಾಕಿ, ಬೆಲೆ ಏನೂ ಇಲ್ಲ. ಗುಳ್ಳೆನೇ ಇಲ್ಲ, ಆದ್ರೂ ಕೈ ಪಂಪು ಹೊಡೆದಾಗ ಗಟ್ಟಿ ಆಗ್ತಿಲ್ಲ ಅಂದ್ರೆ ಆಗ ಫೀಡ್ ಪಂಪಿನ ವಾಲ್ವು, ಪಿಸ್ಟನ್ನು ಅನುಮಾನಿಸಬಹುದು, ಅದನ್ನ ಒಂದನ್ನೇ ಬದಲಾಯಿಸೋಕೆ ಬರುತ್ತೆ. ಆಮೇಲೆ ಏರ್ ತೆಗೆಯುವಾಗ ಮೊದಲು ಡೀಸೆಲ್ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ, ಗುಳ್ಳೆ ಇಲ್ಲದ ಡೀಸೆಲ್ ಬರೋ ತನಕ ಕೈ ಪಂಪು ಹೊಡೆದು ಸ್ಕ್ರೂ ಮುಚ್ಚಿ, ನಂತರ ಮೈಕೋ ಪಂಪಿನ ಮೇಲಿಂದು. ಫಿಲ್ಟರ್ ಬೌಲಿನ ತಳದ ನೀರನ್ನೂ ಅದೇ ಕೈಲಿ ಬಿಟ್ಟುಬಿಡಿ, ಆಲ್ದೂರಿನ ಮಳೆಗೆ ಪ್ರತಿ ತಿಂಗಳು ಬಿಡೋದು ಒಳ್ಳೇದು.